ನಮ್ಮ ಡಬ್ಬಿ ಒಂಬತ್ತೂಕಾಲಿಗೆ ಹಾಡಿತು

ಕಳೆದ ಏಪ್ರಿಲ್‌ನಲ್ಲಿ ಅವ್ವನ ಕಣ್ಣು ತೋರಿಸಲು ಬೆಂಗಳೂರಿಗೆ ಹೋಗುವುದಿತ್ತು. ನಸುಕಿನಲ್ಲಿ ಕಲಬುರಗಿ ಬಿಡುವ ವಂದೇ ಭಾರತ್‌ಗೆ ಟಿಕೆಟ್ ಮಾಡಿಸಿದ್ದೆ. ಹಾಸಿಗೆ ಪಕ್ಕದ ಹಾಡಿನ ಡಬ್ಬಿಯಲ್ಲಿ 3:45ಕ್ಕೆ ಅಲಾರಂ ಇಟ್ಟು ನಿಶ್ಚಿಂತೆಯಿಂದ ಮಲಗಿದೆ. ಎಚ್ಚರವಾಗಿದ್ದು ಅವ್ವ ಬಾಗಿಲು ಬಡಿದಾಗ. "ತಮ್ಮಾ, ಗಾಡಿ ನಿಮ್ಮಪ್ಪಂದದೇನು ನಿನ್ ಸಲ್ಯಾಕ ನಿಂದರ್ಲಾಕ? ಏಳು!"

ಅರ್ಧ ಮೈಗೆ ನೀರು, ಉಳಿದರ್ಧಕ್ಕೆ ಟವಲು. ಗಾಡಿ ಸಿಕ್ಕಿತು ಅನ್ನಿ. ರೈಲು ಆಂಧ್ರದೊಳಗೆ ಓಡುತ್ತಿದ್ದಾಗ, ಸರಿಯಾಗಿ 9:15ಕ್ಕೆ, ಮನೆಯಿಂದ ಹೆಂಡತಿಯ ಫೋನು. "ರೀ, ನಿಮ್ ಡಬ್ಬಿ ಈಗ ಎದ್ದು ಹಾಡ್ಲಕತ್ತದ. ಹೆಂಗ್ ಬಂದ್ ಮಾಡ್ಬೇಕು ಇದಕ್ಕ?"

ತಪ್ಪು ನನ್ನದೇ. ಹಿಂದಿನ ದಿನ ಮೆಮೊರಿ ಕಾರ್ಡಿಗೆ ಸಾಫ್ಟ್‌ವೇರ್ ಹೊಸದಾಗಿ ತುಂಬಿದ್ದೆ, ನಾವಿರುವುದು ಭಾರತದಲ್ಲಿ ಅಂತ ಅದಕ್ಕೆ ಹೇಳುವುದನ್ನು ಮರೆತಿದ್ದೆ. ಅದು ಯುಟಿಸಿ, ಅಂದರೆ ಲೋಕಕ್ಕೆಲ್ಲ ಒಂದೇ ಅಂತ ಇಟ್ಟ ಹೊತ್ತಿನ ಲೆಕ್ಕದಲ್ಲಿ ಕೂತಿತ್ತು. ನಮ್ಮ ಗಡಿಯಾರ ಅದಕ್ಕಿಂತ 5 ತಾಸು 30 ನಿಮಿಷ ಮುಂದೆ. 3:45ಕ್ಕೆ ಅದನ್ನು ಕೂಡಿಸಿ ನೋಡಿ, ಡಬ್ಬಿ ಒಂದು ನಿಮಿಷವೂ ತಡ ಮಾಡಿರಲಿಲ್ಲ.

ಡಬ್ಬಿ ಅಂದರೆ ಏನು ಅಂತ ಕೇಳುವವರಿಗೆ: ಅಂಗೈಯಷ್ಟು ಕಂಪ್ಯೂಟರ್ ಬೋರ್ಡು, ಒಂದು ಹಳೆಯ ಸ್ಪೀಕರು, ಎರಡನ್ನೂ ಕೂಡಿಸಿದ ಕಟ್ಟಿಗೆ ಪೆಟ್ಟಿಗೆ. ವೈಫೈ ಮೇಲೆ ಹಾಡು ತರಿಸಿಕೊಂಡು ನುಡಿಸುತ್ತದೆ. ಅಲಾರಂ ಹೊತ್ತಿಗೆ ದನಿ ಸೊನ್ನೆಯಿಂದ ಮೆಲ್ಲಗೆ ಏರುತ್ತದೆ. ಮೇಲಿನ ಗುಂಡಿ ಒತ್ತಿದರೆ 9 ನಿಮಿಷ ಸುಮ್ಮನಿದ್ದು ಮತ್ತೆ ಶುರು. ಯಾರೂ ಮುಟ್ಟದಿದ್ದರೆ ಒಂದು ತಾಸು ಹಾಡಿ ತಾನೇ ಬಾಯಿ ಮುಚ್ಚಿಕೊಳ್ಳುತ್ತದೆ. ಫೋನನ್ನು ಹಾಸಿಗೆಯಿಂದ ಓಡಿಸಬೇಕು ಅನ್ನುವುದೊಂದೇ ನನ್ನ ಉದ್ದೇಶವಾಗಿತ್ತು. ಅಲಾರಂ ಆರಿಸಲು ಫೋನು ಹಿಡಿದ ಕೈ ಅದನ್ನು ಕೆಳಗಿಡುವಷ್ಟರಲ್ಲಿ ಚಹಾ ಆರಿರುತ್ತಿತ್ತು.

ಆದರೆ ಈ ಡಬ್ಬಿಯಿಂದ ಒಂದು ವಿಷಯ ನನಗೆ ಚೆನ್ನಾಗಿ ತಲೆಗೆ ಹತ್ತಿದೆ. ಹಾಡು ಎಲ್ಲಿಂದಾದರೂ ಬರಲಿ, ಎಬ್ಬಿಸುವ ಕೆಲಸ ಮಾತ್ರ ಮಲಗುವ ಕೋಣೆಯೊಳಗೇ ಮುಗಿಯಬೇಕು.

ಮೊದಲು ನಾನು ಹಾಗೆ ಮಾಡಿರಲಿಲ್ಲ. ಹಾಡಿನ ಸರ್ವರ್, ಅಂದರೆ ಡಬ್ಬಿಗೆ ಹಾಡು ಕಳಿಸುವ ಸಾಫ್ಟ್‌ವೇರ್, ಪಡಸಾಲೆಯ ಹಳೆಯ ಲ್ಯಾಪ್‌ಟಾಪಿನಲ್ಲಿತ್ತು. ಅಲಾರಂ ಎಷ್ಟಕ್ಕೆ ಅನ್ನುವ ನೆನಪೂ ಅದರಲ್ಲೇ. ಹಾಸಿಗೆ ಪಕ್ಕದ್ದು ಬರೀ ಬಾಯಿ, ತಲೆ ಪಡಸಾಲೆಯಲ್ಲಿ. ನಮ್ಮದು ಹಳೆ ಮನೆ, ಮೊಳದಗಲದ ಕಲ್ಲಿನ ಗೋಡೆ, ಕೆಳಗೆ ಶಹಾಬಾದ ಪರ್ಸಿ. ಮೇ ತಿಂಗಳಲ್ಲಿ ಪರ್ಸಿಗೆ ನೀರು ಚೆಲ್ಲಿ ಮಲಗುವುದಿದೆಯಲ್ಲ, ಆ ಸುಖ ಏಸಿ ಕೊಡುವುದಿಲ್ಲ. ವೈಫೈಗೆ ಮಾತ್ರ ಅದೇ ಗೋಡೆ ಕೋಟೆಯಿದ್ದ ಹಾಗೆ. 5 ಗಿಗಾಹರ್ಟ್ಸ್ ಅಲೆ ಒಂದು ಗೋಡೆಗೇ ಸುಸ್ತಾಗುತ್ತದೆ, 2.4 ಗಿಗಾಹರ್ಟ್ಸ್ ಹೇಗೋ ತೂರಿಕೊಂಡು ಬರುತ್ತದೆ. ಲ್ಯಾಪ್‌ಟಾಪು ನಿದ್ದೆಗೆ ಹೋದರೂ ಅಲಾರಂ ಇಲ್ಲ, ರೂಟರ್ ಆರಿದರೂ ಇಲ್ಲ. ನನ್ನನ್ನು ಎಬ್ಬಿಸಬೇಕಾದರೆ ಮೊದಲು ಮೂರು ಯಂತ್ರ ಎದ್ದಿರಬೇಕು.

ಇನ್ನು ಕರೆಂಟು. ಬೇಸಿಗೆಯ ರಾತ್ರಿ ಗಾಳಿ-ಮಳಿ ಬಂದರೆ ನಮ್ಮ ಕಡೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ನನ್ನ ಬೋರ್ಡಿಗೆ ತನ್ನದೇ ಬ್ಯಾಟರಿಯ ಗಡಿಯಾರ ಇರಲಿಲ್ಲ. ಕರೆಂಟು ಹೋಗಿ ಬಂದರೆ ಎಲ್ಲಿ ನಿಂತಿತ್ತೋ ಅದೇ ಹೊತ್ತು ಅಂದುಕೊಂಡು ಏಳುತ್ತದೆ. ಆಮೇಲೆ ಇಂಟರ್‌ನೆಟ್ಟಿಗೆ ಹೋಗಿ "ಟೈಮ್ ಎಷ್ಟಾತ್ರೀ?" ಅಂತ ಕೇಳಬೇಕು. ಹಾಗೆ ಕೇಳುವ ಪದ್ಧತಿಗೆ ಎನ್‌ಟಿಪಿ ಅಂತ ಹೆಸರು. ಅದರ ಮೊದಲ ರೂಪ 1985ರಲ್ಲಿ ಪ್ರಕಟವಾಯಿತು, ರೂಪಿಸಿದ್ದು ಅಮೆರಿಕದ ಡೇವಿಡ್ ಮಿಲ್ಸ್. ಹುಟ್ಟಿನಿಂದ ಗ್ಲಾಕೋಮಾ ಇದ್ದ ಮನುಷ್ಯ. ಲೋಕದ ಕಂಪ್ಯೂಟರುಗಳೆಲ್ಲ ಹೊತ್ತು ಸರಿ ಮಾಡಿಕೊಳ್ಳುವ ದಾರಿ ತೋರಿಸಿದವರಿಗೆ ಕಣ್ಣೇ ಮಂಜು. 2024ರ ಜನವರಿಯಲ್ಲಿ ತೀರಿಕೊಂಡರು. ಕಣ್ಣಿನ ಆಸ್ಪತ್ರೆಯ ಬೆಂಚಿನ ಮೇಲೆ ಅವ್ವನ ಪಕ್ಕ ಕೂತು ಇದನ್ನು ಓದುತ್ತಿದ್ದೆ, ಅದಕ್ಕೇ ನೆನಪಿದೆ.

ಊರಿಗೆ ವಾಪಸ್ ಬಂದವನೇ ಬೋರ್ಡಿಗೆ ಡಿಎಸ್3231 ಅನ್ನುವ ಗಡಿಯಾರದ ಚಿಪ್ ಜೋಡಿಸಿ, ಅದರ ಬೆನ್ನಿಗೊಂದು ನಾಣ್ಯದಂಥ ಸೆಲ್ ಕೂರಿಸಿದೆ. ಸರ್ವರನ್ನೂ ಅದೇ ಡಬ್ಬಿಯೊಳಗೆ ತಂದೆ. ಹಾಡುಗಳು ಪೆನ್‌ಡ್ರೈವಿನಲ್ಲಿ. ಕರೆಂಟು ಹೋದರೆ ಇರಲಿ ಅಂತ ಡಬ್ಬಿಗೊಂದು ಪುಟ್ಟ ಯುಪಿಎಸ್ ಕೂಡ. ಈಗ ಊರಿನ ನೆಟ್ ಪೂರ್ತಿ ಸತ್ತರೂ ಅದು ಹಾಡುತ್ತದೆ.

ಇಷ್ಟು ಹಟ ಯಾಕೆ ಅಂದರೆ ಆ ಸರ್ವರ್ ಸಾಫ್ಟ್‌ವೇರಿನ ಕಥೆಯೂ ಒಂದು ಕಾರಣ. ಸ್ಕ್ವೀಜ್‌ಬಾಕ್ಸ್ ಅಂತ, ನೆಟ್‌ವರ್ಕ್ ಮೇಲೆ ಹಾಡು ತರಿಸಿಕೊಂಡು ನುಡಿಸುವ ಪ್ಲೇಯರುಗಳಿದ್ದವು. ಸ್ಲಿಮ್ ಡಿವೈಸಸ್ ಎಂಬ ಸಣ್ಣ ಕಂಪನಿ ಶುರು ಮಾಡಿದ್ದನ್ನು 2006ರಲ್ಲಿ ಲಾಜಿಟೆಕ್ ಕೊಂಡುಕೊಂಡಿತು, 2012ರಲ್ಲಿ ತಯಾರಿ ನಿಲ್ಲಿಸಿತು, 2024ರಲ್ಲಿ ಅವುಗಳಿಗಿದ್ದ ಆನ್‌ಲೈನ್ ಸೇವೆಯನ್ನೂ ಮುಚ್ಚಿತು. ಆದರೆ ಮನೆಯಲ್ಲೇ ನಡೆಸುವ ಸರ್ವರ್ ಸಾಫ್ಟ್‌ವೇರು ಮುಕ್ತವಾಗಿತ್ತು. ಬಳಸುವವರೇ ಅದನ್ನು ಕೈಬಿಡದೆ ಉಳಿಸಿಕೊಂಡರು. ಈಗ ಅದರ ಹೆಸರು ಲಿರಿಯಾನ್. ನನ್ನ ಡಬ್ಬಿಯಲ್ಲಿರುವುದೂ ಅದೇ. ಹಾಸಿಗೆ ಪಕ್ಕದ ಯಂತ್ರ ಬಾರಿಸಬೇಕೋ ಬೇಡವೋ ಅಂತ ದೂರದ ಯಾವುದೋ ಕಂಪ್ಯೂಟರನ್ನು ಕೇಳುವುದಾದರೆ, ಅದು ನನ್ನ ಗಡಿಯಾರ ಹೇಗಾದೀತು? ಫೋನಿನ ಅಲಾರಮ್ಮಿಗೆ ಈ ತಾಪತ್ರಯ ಇಲ್ಲ, ನೆಟ್ ಇಲ್ಲದಿದ್ದರೂ ಬಾರಿಸುತ್ತದೆ. ಒಪ್ಪಿಕೊಳ್ಳಬೇಕಾದ ಮಾತು.

ಯಾವ ಹಾಡು ಇಡಬೇಕು ಅನ್ನುವುದು ಬೇರೆಯೇ ಪಂಚಾಯ್ತಿ. ಮೊದಲು ಅಪ್ಪನಿಗೆ ಇಷ್ಟವಿದ್ದ ಒಂದು ತತ್ವಪದ ಇಟ್ಟೆ, ಏಕತಾರಿ ಮೇಲೆ ಹಾಡಿದ್ದು. ಎರಡು ತಿಂಗಳು ದಿನಾ ಅದಕ್ಕೇ ಎದ್ದೆ. ಶರಣಬಸವೇಶ್ವರ ಜಾತ್ರೆಯಲ್ಲಿ ಸಂಜೆ ಮಿರ್ಚಿ ತಿನ್ನುತ್ತ ನಿಂತಿದ್ದೆ, ಮೈಕಿನಲ್ಲಿ ಅದೇ ಪದ ಬಂತು. ಹೊಟ್ಟೆಯಲ್ಲಿ ಧಸಕ್ ಅಂತು, ಆಫೀಸಿಗೆ ತಡವಾಯಿತು ಅಂತ. ಅವತ್ತೇ ತೆಗೆದುಹಾಕಿದೆ, ಅಪ್ಪನ ಪದಕ್ಕೆ ಅಂಥ ಗತಿ ಬರಬಾರದು. ಆಮೇಲೆ ಭೈರವ್ ರಾಗದ ಆಲಾಪ. ಅದು ಶುರುವಾಗುವುದೇ ಪಿಸುಮಾತಿನಲ್ಲಿ, ಮೇಲೆ ನನ್ನ ಡಬ್ಬಿ ದನಿಯನ್ನು ಸೊನ್ನೆಯಿಂದ ಏರಿಸುತ್ತದೆ. ಎದ್ದಾಗ ಕೊನೆಯ ವೇಗದ ಭಾಗ, ದ್ರುತ್, ನಡೆದಿತ್ತು. ಶಹನಾಯಿ ಇಟ್ಟರೆ ಹೆಂಡತಿಯ ತಕರಾರು: "ದಿನಾ ಮದುವಿ ಮನ್ಯಾಗ ಮಲಗೆದ್ದಂಗ ಆಗ್ತದ್ರಿ."

ಕೊನೆಗೆ ಬಂದು ನಿಂತಿದ್ದು ಆಕಾಶವಾಣಿಗೆ. ಸಣ್ಣವನಿದ್ದಾಗ ಅಪ್ಪ 1107 ಕಿಲೋಹರ್ಟ್ಸ್‌ಗೆ ಮುಳ್ಳು ತಿರುಗಿಸಿ ಇಡುತ್ತಿದ್ದ. ಕಾರ್ಯಕ್ರಮ ಶುರುವಾಗುವ ಮೊದಲು ಬರುತ್ತದಲ್ಲ ಆ ಪಿಟೀಲು-ತಂಬೂರಿಯ ಧುನ್, ಅದಕ್ಕೆ ನಾವು ಮೂವರೂ ಮಕ್ಕಳು ಏಳುತ್ತಿದ್ದೆವು. ಅದನ್ನು 1930ರ ದಶಕದಲ್ಲಿ ರಚಿಸಿದವರು ವಾಲ್ಟರ್ ಕೌಫ್‌ಮನ್, ನಾಜಿಗಳ ಕಾಟಕ್ಕೆ ಮುಂಬೈಗೆ ಬಂದು ನೆಲೆಸಿದ್ದ ಯಹೂದಿ ಸಂಗೀತಗಾರ. ಊರು ಬಿಟ್ಟು ಬಂದವನ ಧುನ್ ನಮ್ಮ ಓಣಿಯ ಅಂಗಳ ಗುಡಿಸಿಸುತ್ತಿತ್ತು.

ಈಗ ಡಬ್ಬಿ ಆಕಾಶವಾಣಿಯನ್ನು ನೆಟ್‌ನಿಂದ ತರುತ್ತದೆ. ನೆಟ್ ಸಿಗದಿದ್ದರೆ ಪೆನ್‌ಡ್ರೈವಿನಿಂದ ಬೇರೆ ಏನಾದರೂ ಬಾರಿಸುತ್ತದೆ. ಒಂದೇ ತೊಂದರೆ, ಅಡುಗೆಮನೆಯಲ್ಲಿ ಅವ್ವ ಹಳೆಯ ಟ್ರಾನ್ಸಿಸ್ಟರ್ ಹಚ್ಚಿರುತ್ತಾಳೆ. ಅಲ್ಲಿ ಬಂದ ಮಾತು ಇಲ್ಲಿ ಸುಮಾರು ಅರ್ಧ ನಿಮಿಷ ಬಿಟ್ಟು ಬರುತ್ತದೆ. ಟ್ರಾನ್ಸಿಸ್ಟರ್ ವಾರ್ತೆ ಶುರು ಮಾಡಿದರೆ ಡಬ್ಬಿ ಇನ್ನೂ ಹಾಡು ಮುಗಿಸುತ್ತಿರುತ್ತದೆ. "ನಿಂದು ನಿನ್ನೀದು ಹಾಡ್ಲಕತ್ತದೇನೋ?" ಅಂತ ಅವ್ವ ಒಳಗಿಂದಲೇ ಕೇಳುತ್ತಾಳೆ. ಕಣ್ಣಿನ ಪೊರೆ ತೆಗೆಸಿಯಾಯಿತು, ಕಿವಿ ಮೊದಲಿನಿಂದಲೂ ಚುರುಕು. ನಾಲ್ಕಕ್ಕೆ ಏಳಲು ಅವಳಿಗೆ ಯಾವ ಡಬ್ಬಿಯೂ ಬೇಕಾಗಿಲ್ಲ.

ಮೊನ್ನೆಯಿಂದ ಕೂಲರ್ ಶುರು ಮಾಡಿದ್ದೇವೆ. ಅದರ ಸದ್ದಿನಲ್ಲಿ ಚಳಿಗಾಲದ ದನಿ ಕೇಳಿಸುವುದೇ ಇಲ್ಲ, 25 ಇದ್ದದ್ದನ್ನು 60ಕ್ಕೆ ಏರಿಸಿದ್ದೇನೆ. ನಿನ್ನೆ ಪಕ್ಕದ ಮನೆಯವರು ಕಂಪೌಂಡ್ ಮೇಲಿಂದ ಬಗ್ಗಿ ಹೇಳಿದರು, "ಭಾಳ ಚಲೋ ಹಾಡು ಬರ್ತಾವ್ರಿ ನಿಮ್ ಮನ್ಯಾಗ. ಐತ್ವಾರ ಒಂದಿನ ಮಾತ್ರ ಎಂಟಕ್ಕ ಹಚ್ರಿ."