ಶಿಸ್ತು ಎಂದು ಚಪ್ಪಾಳೆ ತಟ್ಟಿದವರಿಗೆ

ನಿನ್ನೆ ರಾಯಚೂರಿನ ನಮ್ಮ ಕಚೇರಿಯಲ್ಲಿ ಬೀಳ್ಕೊಡುಗೆ ಸಮಾರಂಭವಿತ್ತು. ಮಂಡಾಳು ವಗ್ಗರಣೆ, ಮಿರ್ಚಿ ಎಲ್ಲರ ಕೈಗೂ ಬಂದಾಗ ನನ್ನ ಕಿರಿಯ ಸಹೋದ್ಯೋಗಿ "ಎಣ್ಣಿ ಯಾವುದು ಹಾಕ್ಯಾರಂತ ಅಕ್ಕಾ?" ಎಂದು ಕೇಳಿ, ಉತ್ತರ ಸಿಗದೆ, ತನ್ನ ಡಬ್ಬಿ ಹಿಡಿದು ಕಡತಗಳ ಕೋಣೆಯಲ್ಲಿ ಒಬ್ಬಳೇ ಕುಳಿತು ಉಂಡಳು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕೆರಳಿಸಿದ್ದು ಅವಳ ಊಟದ ಈ ಕಟ್ಟುನಿಟ್ಟನ್ನು ಹೊಗಳಿದ ಸಾಹೇಬರ ಭಾಷಣ. ಶಿಸ್ತು ಎಂದರೆ ಇದು, ಇವರನ್ನು ನೋಡಿ ಕಲಿಯಿರಿ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಶಿಸ್ತಂತೆ! ಒಂದು ಅಕ್ಷರ ತಪ್ಪಿದರೆ ಇಡೀ ಪುಟವನ್ನು ಮತ್ತೆ ಬರೆಯುವ, ಕಳಿಸಿಯಾದ ಪತ್ರವನ್ನು ರಾತ್ರಿ ಮೊಬೈಲಿನಲ್ಲಿ ಮತ್ತೆ ಮತ್ತೆ ಓದಿ ಕಳವಳಪಡುವ ಹುಡುಗಿ ಅವಳು. ಆ ಸ್ವಭಾವವೇ ಈಗ ಊಟಕ್ಕೂ ಇಳಿದಿದೆ. ಮೊದಲು ಸಕ್ಕರೆ ಹೋಯಿತು, ಆಮೇಲೆ ಎಣ್ಣೆ. ಸಿಂಧನೂರಿನ ಸೋನಾ ಮಸೂರಿ ಉಂಡು ಬೆಳೆದವಳು ಅನ್ನವನ್ನೂ ಬಿಟ್ಟಳು. ಈಗ ಹಬ್ಬಕ್ಕೆ ತವರಿಗೆ ಹೋದರೂ ಅವ್ವ ಬಡಿದ ಸಜ್ಜೆ ರೊಟ್ಟಿಯನ್ನು ಮುಟ್ಟುವುದಿಲ್ಲ. ಬಿಟ್ಟದ್ದನ್ನು ಅಪ್ಪಿತಪ್ಪಿ ತಿಂದ ದಿನ ಪಾಪ ಮಾಡಿದವಳಂತೆ ಮುಖ ಸಪ್ಪಗೆ ಮಾಡಿಕೊಂಡು, ಮರುದಿನ ಉಪವಾಸ ಕೂರುತ್ತಾಳೆ.

ಅಮೆರಿಕದ ವೈದ್ಯ ಸ್ಟೀವನ್ ಬ್ರಾಟ್‌ಮನ್ 1997ರಲ್ಲಿಯೇ, ತಮ್ಮ ಅನುಭವವನ್ನೂ ಸೇರಿಸಿಕೊಂಡು, ಶುದ್ಧ ಆಹಾರದ ಈ ಗೀಳಿಗೆ ಆರ್ಥೊರೆಕ್ಸಿಯಾ ಎಂದು ಹೆಸರಿಟ್ಟರು. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಅದು ಇನ್ನೂ ಪ್ರತ್ಯೇಕ ಕಾಯಿಲೆಯಾಗಿ ಸೇರಿಲ್ಲ. ಆದರೂ ಎಲ್ಲವೂ ಲೋಪವಿಲ್ಲದೆ ನಡೆಯಬೇಕೆಂಬ ಹಟ, ಅತಿಯಾದ ಆತಂಕ ಇರುವವರಲ್ಲಿ ಈ ಒಲವು ಹೆಚ್ಚೆಂದು ಅನೇಕ ಅಧ್ಯಯನಗಳು ಕಂಡುಕೊಂಡಿವೆ. ಸ್ವಭಾವವೇ ಕಾರಣವೆಂದು ಅಷ್ಟರಿಂದ ಸಾಬೀತಾಗುವುದಿಲ್ಲ, ನಿಜ. ನನಗೆ ಕಾಣುವುದಿಷ್ಟು: ವರ್ಗಾವಣೆ, ಅತ್ತೆಯ ಮುನಿಸು, ಮಗುವಿನ ಜ್ವರ ಯಾವುದೂ ಅವಳ ಕೈಯಲ್ಲಿಲ್ಲ; ತಟ್ಟೆಯೊಂದು ಮಾತ್ರ ಅವಳ ಮಾತು ಕೇಳುತ್ತದೆ. ಮನೆಮಂದಿಗೆಲ್ಲ ಬೇರೆ ಅಡುಗೆ ಮಾಡಿಟ್ಟು, ತನಗೊಂದು ಡಬ್ಬಿ ಬೇಯಿಸಿಕೊಂಡು, ಕಚೇರಿಗೆ ಎಲ್ಲರಿಗಿಂತ ಮೊದಲು ಬರುವವಳನ್ನು ಕಂಡು ನಾವು ಚಪ್ಪಾಳೆ ತಟ್ಟುತ್ತೇವೆ.

ಸಕ್ಕರೆ ಕಾಯಿಲೆ, ರಕ್ತದೊತ್ತಡ ಹೆಚ್ಚಿರುವಾಗ ಎಚ್ಚರ ತಪ್ಪೇ ಎಂದು ಕೆಲವರು ಕೇಳುತ್ತೀರಿ. ವೈದ್ಯರು ಹೇಳಿದ್ದಕ್ಕೆ ಉಪ್ಪು ಕಡಿಮೆ ಮಾಡುವವರ ಬಗ್ಗೆ ನಾನು ಮಾತನಾಡುತ್ತಿಲ್ಲ. ಅವರು ಮಿರ್ಚಿ ಬಿಟ್ಟರೂ ನಮ್ಮ ಜೊತೆಯಲ್ಲಿಯೇ ಕೂರುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಅಂಥ ನಾಡಿನಲ್ಲಿ ದುಡಿಯುವ ಹೆಂಗಸೊಬ್ಬಳು ಒಂದೊಂದೇ ಪದಾರ್ಥ ಬಿಡುತ್ತಾ ಹೋಗುವುದನ್ನು ಕಲಿಯತಕ್ಕ ಮಾದರಿ ಎನ್ನಬೇಕೆ?

ಹೇಳಿಬಿಡುತ್ತೇನೆ, ನನ್ನ ಸಿಟ್ಟಿನಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಇದೆ. ಎರಡನೆಯ ಮಿರ್ಚಿಗೆ ಕೈ ಚಾಚುವಾಗ ಅವಳ ಹಟದಲ್ಲಿ ಕಾಲುಭಾಗ ನನಗಿದ್ದರೆ ಎಂದು ಅನ್ನಿಸುವುದುಂಟು. ಆದರೆ ಕಡತಗಳ ನಡುವೆ ಒಬ್ಬಳೇ ಕುಳಿತು ಉಣ್ಣುವ ಹಟ ನನಗೆ ಬೇಡ.

ಸಾಹೇಬರಿಗೆ ಅವಳ ಆರೋಗ್ಯದ ಮೇಲೆ ಅಷ್ಟು ಅಕ್ಕರೆಯಿದ್ದರೆ, ತಲೆಸುತ್ತು ಬರುತ್ತಿದೆ ಎಂದು ಅವಳು ಹೋದ ವಾರ ಕೊಟ್ಟ ರಜೆಯ ಅರ್ಜಿಗೆ ಮೊದಲು ಸಹಿ ಹಾಕಲಿ.