ಕೆಲಸ ಹೋದರೆ ಲೇಬರ್ ಕಾರ್ಡ್ ರದ್ದಾಗುವುದಿಲ್ಲ

ಕಾರವಾರ, ಅಂಕೋಲಾ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ‘ಗುತ್ತಿಗೆದಾರರು ಜನ ಕಡಿಮೆ ಮಾಡುತ್ತಿದ್ದಾರೆ. ಕೆಲಸದಿಂದ ತೆಗೆದವರ ಲೇಬರ್ ಕಾರ್ಡ್ ಅಂದೇ ರದ್ದು. ಕೂಲಿಯಲ್ಲಿ ಹಿಡಿದ ಸೆಸ್ ಕೂಡ ಹೋಯಿತು.’ ಎರಡೂ ತಪ್ಪು.

ಕಾರ್ಡ್ ಕೊಡುವುದು ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ, ಗುತ್ತಿಗೆದಾರ ಅಲ್ಲ. ಕಾರ್ಡ್ ಸಿಗಬೇಕಾದರೆ ವಯಸ್ಸು 18ರಿಂದ 60ರೊಳಗೆ ಇರಬೇಕು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಆ 90 ದಿನ ಒಬ್ಬರ ಬಳಿಯೇ ಆಗಬೇಕೆಂದೇನೂ ಇಲ್ಲ. ಸದಾಶಿವಗಡದಲ್ಲಿ 40 ದಿನ ಗೌಂಡಿ ಕೆಲಸ, ಬಿಣಗಾದಲ್ಲಿ 50 ದಿನ ಸೆಂಟ್ರಿಂಗ್ ಮಾಡಿದರೂ ಲೆಕ್ಕ ಸರಿ. ನಮ್ಮ ಕರಾವಳಿಯಲ್ಲಿ ಮಳೆಗಾಲ ಬಂತೆಂದರೆ ಅರ್ಧ ಸೈಟ್‌ಗಳು ಸುಮ್ನೆ ನಿಂತಿರುತ್ತವೆ ಅಲ್ವಾ? ಹಾಗೆ ಬಿಡುವಾದರೆ ಕಾರ್ಡ್ ಹೋಗುವುದಿಲ್ಲ. ನವೀಕರಣ ಮಾತ್ರ ಮರೆಯಬೇಡಿ, ಆಗಲೂ ಕೆಲಸದ ದಾಖಲೆ ಕೇಳುತ್ತಾರೆ.

ಇನ್ನು ಸೆಸ್, ಅಂದರೆ ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು ಸಂಗ್ರಹಿಸುವ ಹಣ. ಅದು ಕಟ್ಟಡದ ವೆಚ್ಚದ ಶೇ 1ರಷ್ಟು. ಕೊಡಬೇಕಾದವರು ಕಟ್ಟಿಸುವವರು. ನಿಮ್ಮ ಕೂಲಿಯಿಂದ ಯಾರಾದರೂ ಸೆಸ್ ಅಂತ ಹಿಡಿದಿದ್ದರೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ದೂರು ಕೊಡಿ.

ಸಂದೇಶದ ಕೊನೆಯಲ್ಲಿ ‘ಕಾರ್ಡ್ ಉಳಿಸಲು 500 ರೂಪಾಯಿ ಕಳಿಸಿ’ ಅಂತಿದೆ. ಕಳಿಸಬೇಡಿ.