ಆಕಾಶದಾಗಿನ ಹೀರೋಗಳಿಗೆ ನಗು ಬೇಕು

ಬಾಹ್ಯಾಕಾಶದ ಸೂಪರ್‌ಹೀರೋ ಕಾಮಿಕ್ಸ್‌ಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರೀತಿ ನಗಿಸುವಂಥವುಗಳ ಮೇಲೆ. ಇದನ್ನು ಹೇಳಿದರೆ ಕಾಮಿಕ್ಸ್ ಓದುವ ಗೆಳೆಯರೇ ಮುಖ ಸಣ್ಣ ಮಾಡುತ್ತಾರೆ. "ಅವೆಲ್ಲಾ ಟೈಂಪಾಸ್ ಬಿಡಪಾ, ಖರೇ ಕತಿ ಅಂದ್ರ ಸೀರಿಯಸ್ ಇರ್ಬೇಕು" ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಕತೆ ಭೂಮಿ ಬಿಟ್ಟು ನಕ್ಷತ್ರಗಳ ನಡುವೆ ಹೋಯಿತೆಂದರೆ ನಗುವಿಲ್ಲದೆ ಅದು ನಂಬುವ ಹಾಗೇ ಇರುವುದಿಲ್ಲ ಎಂಬುದು ನನ್ನ ವಾದ.

ಲೆಕ್ಕ ಹಾಕಿ ನೋಡಿ. ಡಿ.ಸಿ. ಕಂಪನಿಯ ಗ್ರೀನ್ ಲ್ಯಾಂಟರ್ನ್ ಕತೆಗಳಲ್ಲಿ ಇಡೀ ಬ್ರಹ್ಮಾಂಡವನ್ನು 3600 ಸೆಕ್ಟರ್‌ಗಳಾಗಿ ಹಂಚಿದ್ದಾರೆ. ಸೆಕ್ಟರ್‌ಗೊಬ್ಬ ಗ್ರೀನ್ ಲ್ಯಾಂಟರ್ನ್ (ಹಸಿರು ದೀಪ) ಎಂಬ ಕಾವಲುಗಾರ, ಅವನ ಕೈಗೊಂದು ಹಸಿರು ಉಂಗುರ. ನಮ್ಮ ಭೂಮಿ ಬರುವುದು 2814ನೆಯ ಸೆಕ್ಟರ್‌ನಲ್ಲಿ. ಬ್ರಹ್ಮಾಂಡದ ಮಾತು ಅತ್ತ ಇರಲಿ, ನಮ್ಮ ಆಕಾಶಗಂಗೆ ಒಂದರಲ್ಲೇ ಕಡಿಮೆ ಅಂದರೂ 10,000 ಕೋಟಿ ನಕ್ಷತ್ರಗಳಿವೆ. ಅದೊಂದನ್ನೇ 3600 ಮಂದಿಗೆ ಹಂಚಿದರೂ ತಲೆಗೆ ಎರಡೂಮುಕ್ಕಾಲು ಕೋಟಿ ನಕ್ಷತ್ರ ಬೀಳುತ್ತವೆ. ಯಾವ ಉಂಗುರ, ಎಂಥ ತೋಳು ಇದಕ್ಕೆ ಸಾಕಾದೀತು? ಒಂದು ಊರಿನ ಬೀದಿಯಲ್ಲಿ ಕಳ್ಳರನ್ನು ಹಿಡಿಯುವ ಹೀರೋ ಹಲ್ಲು ಕಚ್ಚಿ ಮಾತಾಡಿದರೆ ಚೆಂದ. ಎರಡೂಮುಕ್ಕಾಲು ಕೋಟಿ ಸೂರ್ಯರನ್ನು ಕಾಯಲು ಹೊರಟವನು ಹಾಗೆ ಎದೆ ಉಬ್ಬಿಸಿ ನಿಂತರೆ ಅವನಿಗೆ ತನ್ನ ಕೆಲಸವೇ ತಿಳಿದಿಲ್ಲ ಅನಿಸುತ್ತದೆ. ತನ್ನ ಅಳತೆ ತನಗೆ ಗೊತ್ತಿರುವ ಹೀರೋನನ್ನು ಮಾತ್ರ ನಾನು ಅಷ್ಟು ದೂರ ನಂಬಿ ಹಿಂಬಾಲಿಸಬಲ್ಲೆ. ಆ ಅಳತೆ ನಗುವಿನಿಂದಲೇ ಬರುತ್ತದೆ.

ಇದಕ್ಕೆ ನನ್ನ ಹತ್ತಿರ ಇರುವ ದೊಡ್ಡ ಸಾಕ್ಷಿ ಮೋಗೊ. 1985ರ ಗ್ರೀನ್ ಲ್ಯಾಂಟರ್ನ್ 188ನೆಯ ಸಂಚಿಕೆಯಲ್ಲಿ ಅಲನ್ ಮೂರ್ ಬರೆದು ಡೇವ್ ಗಿಬ್ಬನ್ಸ್ ಚಿತ್ರ ತೆಗೆದ ಪುಟ್ಟ ಕತೆ ಅದು. ಬಾಲ್ಫಂಗ ಎಂಬ ಬಲಶಾಲಿ ಯೋಧನಿಗೆ ಮೋಗೊ ಎಂಬ ಗ್ರೀನ್ ಲ್ಯಾಂಟರ್ನ್‌ನನ್ನು ಸೋಲಿಸಿ ಹೆಸರು ಮಾಡುವ ಹಟ. ಮೋಗೊ ಇರುವ ಗ್ರಹಕ್ಕೆ ಇಳಿಯುತ್ತಾನೆ. ತುಂಬ ಕಾಡು, ಗಿಡ, ಬಳ್ಳಿ. ಎದುರಾಳಿ ಮಾತ್ರ ಎಲ್ಲೂ ಇಲ್ಲ. ಕೂಗುತ್ತಾನೆ, ಸವಾಲು ಹಾಕುತ್ತಾನೆ, ಹುಡುಕಿ ಹುಡುಕಿ ಸೋಲುತ್ತಾನೆ.

ಹೋದ ಬೇಸಿಗೆಯಲ್ಲಿ ಅಣ್ಣನ ಮಗ ರಜೆಗೆ ಬಂದಿದ್ದ. ಕಲಬುರಗಿಯ ಮೇ ತಿಂಗಳು ನಿಮಗೆ ಗೊತ್ತೇ ಇದೆ, ರಾತ್ರಿ ಹತ್ತಾದರೂ ಮನೆಯೊಳಗಿನ ಗೋಡೆ ಕೈ ಸುಡುತ್ತದೆ. ಮಾಳಿಗೆ ಮೇಲೆ ಹಾಸಿಕೊಂಡು ಮಲಗಿದ್ದೆವು. ಟ್ಯಾಬ್‌ನಲ್ಲಿ ಈ ಕತೆ ತೆಗೆದು ಒಂದೊಂದೇ ಚಿತ್ರಕ್ಕೆ ನಮ್ಮ ಮಾತಿನಲ್ಲಿ ಅರ್ಥ ಹೇಳುತ್ತಾ ಹೋದೆ. ಬಾಲ್ಫಂಗ ಕಾಡಿನೊಳಗೆ ಗಿಡವಿಲ್ಲದ ಬಯಲು ಜಾಗಗಳನ್ನು ಗಮನಿಸಿ ನಕ್ಷೆ ಬರೆಯುತ್ತಾನೆ. ಆ ಬಯಲುಗಳು ಒಂದಕ್ಕೊಂದು ಸೇರಿ ಏನೋ ಆಕಾರ ಆಗುತ್ತಿದೆ. ಅಲ್ಲಿಗೆ ನಾನು ನಿಲ್ಲಿಸಿದೆ. ಹುಡುಗ ಟ್ಯಾಬ್ ಕಸಿದುಕೊಂಡು ನಕ್ಷೆಯ ಚಿತ್ರವನ್ನು ಎರಡು ಬೆರಳಿಂದ ಹಿಗ್ಗಿಸಿ ನೋಡಿದ. ಗ್ರೀನ್ ಲ್ಯಾಂಟರ್ನ್‌ಗಳ ಎದೆಯ ಮೇಲಿರುವ ಅದೇ ಗುರುತು. ಎದ್ದು ಕೂತುಬಿಟ್ಟ. "ಕಾಕಾ! ಅಂವಾ ಯಾರಿಗಿ ಹುಡುಕ್ಲತ್ತಾನೋ ಅವನ ಮ್ಯಾಲೇ ತಿರುಗ್ಯಾಡ್ಲತ್ತಾನ!"

ಹೌದು, ಆ ಗ್ರಹವೇ ಮೋಗೊ. ಬಾಲ್ಫಂಗ ಕಿರುಚಿಕೊಂಡು ಓಡಿಹೋಗುತ್ತಾನೆ. ಲ್ಯಾಂಟರ್ನ್‌ಗಳ ಸಭೆಗೆ ಮೋಗೊ ಯಾಕೆ ಬರುವುದಿಲ್ಲ ಎಂಬ ಪ್ರಶ್ನೆಗೆ ಕತೆಯಲ್ಲೇ ಉತ್ತರವಿದೆ: ಅವನು ಬಂದರೆ ಅವನ ಗುರುತ್ವಾಕರ್ಷಣೆಗೆ ಸಭೆ ನಡೆಯುವ ಗ್ರಹವೇ ಚೂರಾಗುತ್ತದೆ. ಹುಡುಗ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಸುಸ್ತಾದ ಮೇಲೆ ಅಂಗಾತ ಮಲಗಿ ಭಾಳ ಹೊತ್ತು ಚುಕ್ಕೆ ನೋಡುತ್ತಿದ್ದ. ಅವುಗಳಲ್ಲಿ ಯಾವುದಕ್ಕೆಲ್ಲ ಜೀವ ಇರಬಹುದು ಎಂದು ಕೇಳಿದ. ಜೀವ ಎಂದರೆ ಕೈಕಾಲು, ಕಣ್ಣು, ಬಾಯಿ ಇರಲೇಬೇಕು ಎಂಬ ನಮ್ಮ ಲೆಕ್ಕವನ್ನು ಒಂದು ನಗೆಚಾಟಿಕೆ ಬುಡಸಮೇತ ಅಲ್ಲಾಡಿಸಿತ್ತು. ಸೀರಿಯಸ್ ಕತೆಗಳು ನೂರು ಪುಟ ಯುದ್ಧ ಮಾಡಿಸಿಯೂ ಇದನ್ನು ಮಾಡುವುದು ಅಪರೂಪ.

ಅದೇ ಮೂರ್ 1987ರಲ್ಲಿ ಬರೆದ ಇನ್ನೊಂದು ಕತೆಯಲ್ಲಿ, ಬೆಳಕೇ ಇಲ್ಲದ ಕಗ್ಗತ್ತಲಿನ ಆಕಾಶಭಾಗಕ್ಕೆ ಕಟ್ಮಾ ಟುಯಿ ಎಂಬ ಲ್ಯಾಂಟರ್ನ್ ಹೋಗುತ್ತಾಳೆ. ಅಲ್ಲಿಗೆ ಹೊಸ ಕಾವಲುಗಾರನನ್ನು ನೇಮಿಸಬೇಕು. ಯೋಗ್ಯ ಜೀವಿ ಸಿಗುತ್ತಾನೆ, ರಾಟ್ ಲಾಪ್ ಫ್ಯಾನ್ ಅಂತ. ಆದರೆ ಅವನು ಹುಟ್ಟಿದಲ್ಲಿಂದ ಬೆಳಕು ಕಂಡವನಲ್ಲ. ಬಣ್ಣ ಎಂದರೇನು, ದೀಪ ಎಂದರೇನು ಎಂಬ ಕಲ್ಪನೆಯೇ ಅವನಿಗಿಲ್ಲ. ಅವನಿಗೆ ತಿಳಿದಿರುವುದು ಶಬ್ದ. ಅದಕ್ಕೆ ಅವಳು ದೀಪದ ಬದಲು ಗಂಟೆಯನ್ನು ಕೊಟ್ಟು, ಲ್ಯಾಂಟರ್ನ್‌ಗಳು ಹೇಳುವ ಬೆಳಕಿನ ಪ್ರಮಾಣವಚನವನ್ನು ನಾದದ ಪ್ರಮಾಣವಚನವಾಗಿ ತಿರುಗಿಸಿಕೊಡುತ್ತಾಳೆ. ಕೊನೆಗೆ, ಹಾಗಾದರೆ ಅವನು ಗ್ರೀನ್ ಲ್ಯಾಂಟರ್ನ್ ಹೌದೋ ಅಲ್ಲವೋ ಎಂಬ ಪೇಚು ಅವಳಿಗೇ ಗಂಟು ಬೀಳುತ್ತದೆ. ಮೇಲೆ ಇದು ಹಾಸ್ಯವೇ. ಆದರೆ ಬೇರೆ ಲೋಕದವನನ್ನು ಇಷ್ಟು ಗೌರವದಿಂದ ನಡೆಸಿಕೊಂಡ ಗಂಭೀರ ಕತೆಯನ್ನು ನಾನು ಓದಿಲ್ಲ. ಅವನನ್ನು ತಿದ್ದಲು ಅವಳು ಹೋಗುವುದಿಲ್ಲ, ತನ್ನ ಸಂಸ್ಥೆಯ ಗುರುತನ್ನೇ ಅವನಿಗೆ ಒಗ್ಗುವ ಹಾಗೆ ಬದಲಿಸುತ್ತಾಳೆ.

ಇನ್ನು ಕಾಮಿಕ್ಸ್‌ಕಾರ ಕೀತ್ ಗಿಫನ್. 1976ರಲ್ಲಿ ಬಿಲ್ ಮ್ಯಾಂಟ್ಲೊ ಜೊತೆ ರಾಕೆಟ್ ರಕೂನ್ ಎಂಬ ಪಾತ್ರ, 1983ರಲ್ಲಿ ರೋಜರ್ ಸ್ಲೈಫರ್ ಜೊತೆ ಲೋಬೊ ಎಂಬ ಪಾತ್ರ, 1987ರಿಂದ ಜೆ.ಎಂ. ಡಿಮ್ಯಾಟಿಸ್ ಮತ್ತು ಕೆವಿನ್ ಮಗ್ವಾಯರ್ ಜೊತೆ ಜಸ್ಟಿಸ್ ಲೀಗ್ ಎಂಬ ಹೀರೋ ತಂಡದ ಕತೆಗಳು. ಆಕಾಶದ ಹಾಸ್ಯದಲ್ಲಿ ಎಲ್ಲಿ ನೋಡಿದರೂ ಈ ಮನುಷ್ಯನ ಕೈ ಇದೆ. ಆ ಜಸ್ಟಿಸ್ ಲೀಗ್‌ನಲ್ಲಿ ಮಾಂಗಾ ಖಾನ್ ಎಂಬ ಅಂತರಿಕ್ಷ ವ್ಯಾಪಾರಿ ಬರುತ್ತಾನೆ. ಮೈಗೆ ಲೋಹದ ಕವಚ, ಬಾಯಿ ತೆರೆದರೆ ಮಹಾಭಾಷಣ. ಅವನ ಪಕ್ಕದಲ್ಲೇ ಎಲ್-ರಾನ್ ಎಂಬ ರೋಬೋ ನಿಂತು, ಆ ಭಾಷಣ ಕೇಳಿ ಕೇಳಿ ಬೇಸತ್ತು ನಡುನಡುವೆ ಮಾತು ಚುಚ್ಚುತ್ತಿರುತ್ತದೆ. ನಮ್ಮ ಕಡೆ ಬಯಲಾಟ ನೋಡಿ ಬೆಳೆದವರಿಗೆ ಈ ಜೋಡಿ ಹೊಸದಲ್ಲ. ಕಿರೀಟ, ಭುಜಕೀರ್ತಿ ಹೊತ್ತು "ಭಲಾ ಸಾರಥೀ, ಹೀಗೆ ಬಾ, ಮತ್ತೂ ಹೀಗೆ ನಿಲ್ಲು" ಎಂದು ರಾಜ ರಂಗಕ್ಕೆ ಬಂದರೆ, ಸಾರಥಿ ಅವನ ಎದುರಿಗೇ ನಿಂತು ನೀವು ಯಾರು, ಯಾವೂರು, ಬಂದ ಕೆಲಸವೇನು ಅಂತ ಕೇಳುತ್ತಾನೆ. ಸಾರಥಿ ಕೇಳದಿದ್ದರೆ ರಾಜನ ಕತೆ ಮುಂದೆ ಹೋಗುವುದೇ ಇಲ್ಲ. ಹಾಸ್ಯದ ಕಾಮಿಕ್ಸ್ ಸೂಪರ್‌ಹೀರೋಗೆ ಒಬ್ಬ ಸಾರಥಿಯನ್ನು ಕೊಡುತ್ತದೆ. ಮಗ್ವಾಯರ್ ತೆಗೆಯುವ ಮುಖಗಳನ್ನಂತೂ ಬಿಡಿಸಿ ನೋಡಬೇಕು. ಹುಬ್ಬು ಒಂದು ಎಳೆಯಷ್ಟು ಮೇಲೇರಿದರೆ ಸಾಕು, ಮಾತೇ ಬೇಡ.

ಗಿಫನ್ 2023ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ನ್ಯೂಯಾರ್ಕ್‌ನ ಕಾಮಿಕ್ಸ್ ಜಾತ್ರೆಗೆ ಹೋಗುವುದು ತಪ್ಪಿಸಿಕೊಳ್ಳಲು ಹೀಗೆ ಮಾಡಿದೆ ಎಂಬ ಅರ್ಥದ ಒಂದು ತಮಾಷೆಯ ಮಾತು ಅವರ ಸಾವಿನ ಸುದ್ದಿಯಾಗಿ ಅವರ ಫೇಸ್‌ಬುಕ್ ಪುಟದಲ್ಲೇ ಬಂತು. ಓದಿ ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ ಎಂಬ ಹೀರೋ ತಂಡದ ಬಗ್ಗೆ ಹೆಚ್ಚು ಬರೆಯುವುದಿಲ್ಲ, 2014ರ ಸಿನಿಮಾದಿಂದ ಎಲ್ಲರಿಗೂ ಗೊತ್ತು. ಒಂದೇ ಮಾತು. ಗ್ರೂಟ್ 1960ರಲ್ಲಿ ಮೊದಲು ಬಂದಾಗ ಭೂಮಿಯನ್ನು ಹೆದರಿಸಲು ಬಂದ ಮರದ ರಾಕ್ಷಸ. ಉದ್ದುದ್ದ ಡೈಲಾಗ್ ಹೊಡೆಯುತ್ತಿದ್ದ, ಕೊನೆಗೆ ಗೆದ್ದಲು ಬಿಟ್ಟು ಅವನನ್ನು ಸೋಲಿಸಿದರು. ಅಷ್ಟು ಅಬ್ಬರಿಸಿದ ಆ ರಾಕ್ಷಸ ಯಾರ ನೆನಪಿನಲ್ಲೂ ಉಳಿಯಲಿಲ್ಲ. 2008ರಲ್ಲಿ ಡ್ಯಾನ್ ಆಬ್ನೆಟ್, ಆಂಡಿ ಲ್ಯಾನಿಂಗ್ ಕಟ್ಟಿದ ತಂಡಕ್ಕೆ ಬಂದು, "ಐ ಆಮ್ ಗ್ರೂಟ್" ಎಂಬ ಮೂರೇ ಪದ ಆಡುತ್ತಾ ಅವನು ಜಗತ್ತಿನ ಪ್ರೀತಿ ಗಳಿಸಿದ. ಹಾಗಂತ ಎಲ್ಲ ಜೋಕೂ ಒಳ್ಳೆಯದಲ್ಲ. ಆ ಸಿನಿಮಾ ಗೆದ್ದ ಮೇಲೆ ಸಾಯುವ ಹೊತ್ತಿನಲ್ಲೂ ಚಟಾಕಿ ಹಾರಿಸುವ ಹೀರೋಗಳು ಸಾಲುಗಟ್ಟಿ ಬಂದರು. ಅವರಿಗೆ ಭಯವೂ ಇಲ್ಲ, ಬೆರಗೂ ಇಲ್ಲ. ಅಂಥ ಪುಸ್ತಕಗಳನ್ನು ಅರ್ಧಕ್ಕೇ ಮುಚ್ಚಿಟ್ಟಿದ್ದೇನೆ. ಎದುರಿಗಿರುವುದು ಎಷ್ಟು ದೊಡ್ಡದು ಅಂತ ಗೊತ್ತಾಗಿ ನಗುವುದು ಬೇರೆ, ಗೊತ್ತೇ ಇಲ್ಲದೆ ಕಿಸಿಯುವುದು ಬೇರೆ.

ಇದೆಲ್ಲ ಅಮೆರಿಕದವರ ಮಾತಾಯಿತು ಅನ್ನುವವರಿಗೆ ಚಾಚಾ ಚೌಧರಿಯ ದೈತ್ಯ ಜೊತೆಗಾರ ಸಾಬೂನನ್ನು ನೆನಪಿಸುತ್ತೇನೆ. ವ್ಯಂಗ್ಯಚಿತ್ರಕಾರ ಪ್ರಾಣ್ ಅವರ ಚಾಚಾ ಚೌಧರಿ ಕಾಮಿಕ್ಸ್ ಹಿಂದಿಯಲ್ಲಿ 1971ರಲ್ಲಿ ಶುರುವಾಯಿತು. ಹಿಂದಿ, ಉರ್ದು ಎರಡೂ ಓಣಿಯಲ್ಲೇ ಕಿವಿಗೆ ಬೀಳುವ ನಮ್ಮೂರಲ್ಲಿ ಅದನ್ನು ಓದಲು ಯಾರೂ ಕಲಿಸಬೇಕಿರಲಿಲ್ಲ. ಸಾಬೂ ಗುರುಗ್ರಹದವನು. ಗುರುಗ್ರಹಕ್ಕೆ ಕಾಲೂರಲು ನೆಲವೇ ಇಲ್ಲ, ಅದೊಂದು ಅನಿಲದ ಗೋಳ. ಪ್ರಾಣ್ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಸಾಬೂಗೆ ಸಿಟ್ಟು ಬಂದರೆ ಎಲ್ಲೋ ಜ್ವಾಲಾಮುಖಿ ಸಿಡಿಯುತ್ತದೆ ಅಂತ ಬರೆದು, ಅದೇ ಉಸಿರಿನಲ್ಲಿ ಅವನನ್ನು ಚಾಚಿಯ ಅಡುಗೆಮನೆ ಮುಂದೆ ತಾಟು ಹಿಡಿದು ಕೂರಿಸಿದರು. ನಮ್ಮವ್ವ ಕಾಮಿಕ್ಸ್ ಓದುವವಳಲ್ಲ. ಸಾಬೂ ಊಟಕ್ಕೆ ಕೂತ ಚಿತ್ರ ತೋರಿಸಿದಾಗ ಅವಳು ನೋಡಿದ್ದು ಅವನನ್ನಲ್ಲ, ಚಾಚಿಯನ್ನು. "ಯವ್ವಾ, ಇವನಿಗಿ ರೊಟ್ಟಿ ಬಡದು ಬಡದು ಆಕಿ ಕೈ ಏನಾಗಿರಬ್ಯಾಡ" ಅಂದಳು. ಅಂತರಿಕ್ಷದ ವೀರನೂ ಯಾರೋ ಹಚ್ಚಿದ ಒಲೆಯ ಮೇಲೆಯೇ ಬದುಕಬೇಕು ಎಂಬುದನ್ನು ಪ್ರಾಣ್ ಮರೆಯಲಿಲ್ಲ, ನಮ್ಮವ್ವನಿಗೂ ಅದು ಒಂದೇ ನೋಟಕ್ಕೆ ಹೊಳೆಯಿತು.

ಹಾಗಾದರೆ ಕನ್ನಡದಲ್ಲಿ ಯಾಕಿಲ್ಲ? ಅದರಲ್ಲೂ ನಮ್ಮ ಈ ಕಲಬುರಗಿ ಮಾತಿನಲ್ಲಿ? ಗಟ್ಟಿಮುಟ್ಟಾದ ಪುರಾಣ ವೀರರನ್ನು ದೇಶವೇ ನೋಡುವ ಹಾಗೆ ಬಣ್ಣದಲ್ಲಿ ತೆಗೆದ ಎಸ್.ಎಂ. ಪಂಡಿತ್ ಇದೇ ಊರಲ್ಲಿ ಹುಟ್ಟಿದವರು. ಚಿತ್ರಕಲೆ ಕಲಿಯುವ ಹುಡುಗ ಹುಡುಗಿಯರಿಗೆ ಇಲ್ಲಿ ಇವತ್ತಿಗೂ ಬರವಿಲ್ಲ. ನನ್ನ ತಲೆಯಲ್ಲಿ ಒಂದು ಕತೆ ಇದೆ. ಯಾವುದೋ ದೂರದ ಸೆಕ್ಟರ್‌ನ ಕಾವಲುಗಾರ ದಾರಿ ತಪ್ಪಿ, ಮೇ ತಿಂಗಳ ನಡುಮಧ್ಯಾಹ್ನ ನಮ್ಮ ಕೋಟೆಯೊಳಗಿನ ದೊಡ್ಡ ಫಿರಂಗಿಯ ಪಕ್ಕ ಇಳಿಯುತ್ತಾನೆ. ಮೈಯೆಲ್ಲ ಹೊಳಪು, ನಾಲ್ಕು ಕೈ. ತಾನು ಕಾಯುವ ನಕ್ಷತ್ರಗಳ ಹೆಸರನ್ನೆಲ್ಲ ಹೇಳಿ ಮುಗಿಸುವತನಕ ನೆರಳಿನಲ್ಲಿ ಕೂತ ಮುತ್ಯಾ ಸುಮ್ಮನೆ ಕೇಳುತ್ತಾನೆ. ಆಮೇಲೆ, "ಅದೆಲ್ಲಾ ಖರೇ ತಮ್ಮಾ, ನೀ ಯಾರ ಪೈಕಿ?" ಅನ್ನುತ್ತಾನೆ.

ಬರೆಯುವುದು ನನ್ನ ಪಾಲಿಗಿರಲಿ. ಕಲಬುರಗಿ, ಬೀದರ, ಯಾದಗಿರಿ ಕಡೆ ಚಿತ್ರ ತೆಗೆಯುವವರು ಯಾರಿದ್ದರೂ ಇನ್‌ಬಾಕ್ಸ್‌ಗೆ ಬರ್ರಿ. ಮೊದಲಿಗೆ ಎಂಟು ಪುಟ ಸಾಕು, ಕಪ್ಪು ಬಿಳುಪಾದರೂ ನಡೆಯುತ್ತದೆ. ಮುತ್ಯಾನ ಮುಖ ಮಾತ್ರ ಚೆಂದ ಬರಬೇಕು.